ಪಟ್ಟಿ ಬರೆಯುವ ಮೊದಲು ಸಾಲದ ಪುಸ್ತಕ ತೆರೆ

ಮಗೂ, ಪ್ರಧಾನ ಕಚೇರಿಯ ಸುಸ್ಥಿರತೆ ವಿಭಾಗಕ್ಕೆ ನಿನ್ನನ್ನು ಹಾಕಿದ್ದಾರೆಂದು ನಿನ್ನ ಅಮ್ಮ ಹೇಳಿದಳು. ಆಮೇಲೆ ನೀನೇ ಫೋನ್ ಮಾಡಿ ಕೇಳಿದೆ: 'ದೊಡ್ಡಮ್ಮ, ಸಲಹೆಗಾರರು ಉದ್ದದ ಪಟ್ಟಿ ಕೊಟ್ಟಿದ್ದಾರೆ. ಹವಾಮಾನ, ನೀರು, ಸೈಬರ್ ಭದ್ರತೆ, ಮಹಿಳಾ ಸಿಬ್ಬಂದಿ, ಗ್ರಾಮೀಣ ಸಾಲ ಎಲ್ಲವೂ ಇದೆ. ಯಾವುದು ನಮ್ಮ ಬ್ಯಾಂಕಿಗೆ ಮುಖ್ಯ, ಯಾವುದು ಅಷ್ಟಿಲ್ಲ ಅಂತ ಹೇಗೆ ತೀರ್ಮಾನ ಮಾಡೋದು?' ಅದು ಫೋನಿನಲ್ಲಿ ಹೇಳಿ ಮುಗಿಸುವ ಮಾತಲ್ಲ, ಅದಕ್ಕೇ ಬರೆಯಲು ಕೂತಿದ್ದೇನೆ. ನಾನು ಕೃಷಿ ಅಧಿಕಾರಿಯಾಗಿ ಸೇರಿ, ಬಯಲುಸೀಮೆಯ ಶಾಖೆಗಳಲ್ಲೇ ಹೆಚ್ಚು ಕಾಲ ದುಡಿದು, ಸಾಲ ವಿಭಾಗದಲ್ಲಿ ನಿವೃತ್ತಳಾದವಳು. ನನ್ನ ಕಾಲದಲ್ಲಿ ನಿನ್ನ ವಿಭಾಗ ಇರಲಿಲ್ಲ. ಆದರೂ ನಿನ್ನ ಪಟ್ಟಿಯಲ್ಲಿರುವ ಸಂಗತಿಗಳಲ್ಲಿ ಬಹುಪಾಲು ನನ್ನ ಮೇಜಿನ ಎದುರು ಬಂದು ಕೂತು ಹೋದವೇ. ಬರಗಾಲ ಬಂದು ಕೂತಿತ್ತು, ಬತ್ತಿದ ಬೋರ್‌ವೆಲ್ ಬಂದು ಕೂತಿತ್ತು.

ಚೌಕಟ್ಟು ನಿನಗೆ ಗೊತ್ತಿರುವುದೇ. ಸೆಬಿ 2021ರ ಮೇ ತಿಂಗಳಲ್ಲಿ ಹೊರಡಿಸಿದ ಸುತ್ತೋಲೆಯಂತೆ, ಷೇರುಪೇಟೆಯಲ್ಲಿ ಬಂಡವಾಳ ಮೌಲ್ಯದ ಲೆಕ್ಕದಲ್ಲಿ ಮೊದಲ 1000 ಸ್ಥಾನದಲ್ಲಿರುವ ಕಂಪನಿಗಳು 2022-23ರಿಂದ ಬಿಆರ್‌ಎಸ್‌ಆರ್ ಅನ್ನುವ ಸುಸ್ಥಿರತೆಯ ವರದಿ ಕೊಡಲೇಬೇಕು, ಬ್ಯಾಂಕುಗಳೂ ಅದರಲ್ಲಿ ಬಂದವು. ಆ ನಮೂನೆಯ ಮೊದಲ ಭಾಗದಲ್ಲೇ ಒಂದು ಕೋಷ್ಟಕವಿದೆ: ನಿಮಗೆ ಮುಖ್ಯವಾದ ವಿಷಯ ಯಾವುದು, ಅದು ಅಪಾಯವೋ ಅವಕಾಶವೋ, ಹಾಗೆಂದು ಹೇಳಲು ಕಾರಣವೇನು, ಅಪಾಯವಾದರೆ ಏನು ಮಾಡುತ್ತೀರಿ, ಹಣದ ಮೇಲೆ ಅದರ ಪರಿಣಾಮ ಒಳ್ಳೆಯದೋ ಕೆಟ್ಟದ್ದೋ. ಕೋಷ್ಟಕ ತುಂಬಿಸುವುದಕ್ಕೆ ಎಲ್ಲ ಬ್ಯಾಂಕುಗಳೂ ಹೆಚ್ಚುಕಡಿಮೆ ಒಂದೇ ದಾರಿ ಹಿಡಿಯುತ್ತವೆ. ಬೇರೆ ಬ್ಯಾಂಕುಗಳ ವರದಿ, ಸುಸ್ಥಿರತೆ ವರದಿಯ ಜಿಆರ್‌ಐ ಮಾನದಂಡ, ರೇಟಿಂಗ್ ಸಂಸ್ಥೆಗಳ ಪ್ರಶ್ನೆಗಳು ಇವನ್ನೆಲ್ಲ ಗುಡ್ಡೆ ಹಾಕಿ ಉದ್ದ ಪಟ್ಟಿ ಮಾಡುತ್ತಾರೆ. ಹೂಡಿಕೆದಾರರು, ಸಿಬ್ಬಂದಿ, ಗ್ರಾಹಕರು, ಸರಬರಾಜುದಾರರಿಗೆ ಇಮೇಲಿನಲ್ಲಿ ಪ್ರಶ್ನಾವಳಿ ಹೋಗುತ್ತದೆ. ಬಂದ ಅಂಕಗಳ ಸರಾಸರಿ ತೆಗೆದು ನಕ್ಷೆಯೊಂದರಲ್ಲಿ ಚುಕ್ಕೆ ಇಡುತ್ತಾರೆ. ಬಲಮೇಲಿನ ಮೂಲೆಗೆ ಬಂದ ಚುಕ್ಕೆಗಳು ಗೆದ್ದವು. ಆಡಳಿತ ಮಂಡಳಿ ಸಹಿ ಹಾಕುತ್ತದೆ. ಕಚೇರಿಯಲ್ಲಿ ಇದನ್ನೇ ಮೆಟೀರಿಯಾಲಿಟಿ ಅಸೆಸ್‌ಮೆಂಟ್ ಅನ್ನುತ್ತಾರೆ.

ಈ ದಾರಿಯನ್ನು ನಾನು ತಪ್ಪು ಅನ್ನುವುದಿಲ್ಲ. ಆದರೆ ಇದರಲ್ಲಿ ಒಂದು ಹೆಜ್ಜೆ ಬಿಟ್ಟುಹೋಗಿದೆ, ಅದೂ ಮೊದಲನೆಯದು. ಬೇರೆಯವರ ವರದಿ ನೋಡುವುದಕ್ಕೆ ಮುಂಚೆ, ಯಾರಿಗೂ ಪ್ರಶ್ನೆ ಕಳಿಸುವುದಕ್ಕೆ ಮುಂಚೆ, ನಿಮ್ಮ ಬ್ಯಾಂಕಿನ ಸಾಲದ ಪುಸ್ತಕ ತೆಗೆದು ಓದು. ಯಾವ ಜಿಲ್ಲೆಯಲ್ಲಿ ಎಷ್ಟು ಸಾಲವಿದೆ, ಯಾವ ಉದ್ಯಮಕ್ಕೆ ಎಷ್ಟು ಹೋಗಿದೆ, ಯಾವ ಸಾಲ ಎಷ್ಟು ವರ್ಷದ್ದು, ಅದರಲ್ಲಿ ಮಳೆ ನಂಬಿದ್ದು ಎಷ್ಟು, ಕಲ್ಲಿದ್ದಲು ನಂಬಿದ್ದು ಎಷ್ಟು, ಬಂಗಾರ ಅಡವಿಟ್ಟು ಕೊಟ್ಟದ್ದು ಎಷ್ಟು. ಇದಕ್ಕೆ ಎರಡು ವಾರ ಹಿಡಿದರೂ ಹಿಡಿಯಲಿ. ಐಟಿ ವಿಭಾಗದವರ ಹಿಂದೆ ಬಿದ್ದು ಪಿನ್‌ಕೋಡ್ ಪ್ರಕಾರ ಅಂಕಿಅಂಶ ತೆಗೆಸು. ಬ್ಯಾಂಕ್ ಅಂದರೆ ಅದು ಕೊಟ್ಟ ಸಾಲ. ಕಟ್ಟಡ, ಎಟಿಎಂ, ಕಾಗದ, ಜನರೇಟರ್ ಎಲ್ಲವೂ ಆಮೇಲಿನವು.

ಹೀಗೇಕೆ ಒತ್ತಿ ಹೇಳುತ್ತೇನೆ ಅಂದರೆ, ಹಸಿರು ಅಂದ ಕೂಡಲೇ ನಮ್ಮ ಬ್ಯಾಂಕುಗಳ ಕಣ್ಣು ತಮ್ಮ ಕಟ್ಟಡದ ಮೇಲೇ ಬೀಳುತ್ತದೆ. ಶಾಖೆಗಳಿಗೆ ಎಲ್‌ಇಡಿ ದೀಪ, ಮಾಳಿಗೆಯ ಮೇಲೆ ಸೌರಫಲಕ, ಕಾಗದವಿಲ್ಲದ ಕಚೇರಿ. ಒಳ್ಳೆಯದೇ, ಮಾಡಲಿ. ಆದರೆ 2021ರಲ್ಲಿ ಸಿಡಿಪಿ ಅನ್ನುವ ಸಂಸ್ಥೆ ಜಗತ್ತಿನ ಹಣಕಾಸು ಸಂಸ್ಥೆಗಳ ವರದಿಗಳನ್ನು ಪರಿಶೀಲಿಸಿದಾಗ, ಅವು ಕೊಟ್ಟ ಹಣದಿಂದ ಹೊರಬರುವ ಇಂಗಾಲ ಅವುಗಳ ಸ್ವಂತ ಕಚೇರಿಯ ಇಂಗಾಲಕ್ಕಿಂತ ಸರಾಸರಿ 700 ಪಟ್ಟಿಗೂ ಹೆಚ್ಚು ಎಂದು ಕಂಡಿತು. ಅದನ್ನು ಲೆಕ್ಕ ಹಾಕುವ ವಿಧಾನ ಕಷ್ಟದ್ದಲ್ಲ. ನೆದರ್ಲೆಂಡ್ಸಿನ ಬ್ಯಾಂಕುಗಳು 2015ರಲ್ಲಿ ಶುರುಮಾಡಿದ ಪಿಸಿಎಎಫ್ ಒಕ್ಕೂಟ ಅದಕ್ಕೊಂದು ಪದ್ಧತಿ ಹಾಕಿಕೊಟ್ಟಿದೆ. ಒಂದು ಸಿಮೆಂಟ್ ಕಾರ್ಖಾನೆ ಅಂದುಕೋ. ಸಾಲ, ಷೇರು ಬಂಡವಾಳ ಎಲ್ಲ ಸೇರಿ ಅದರ ಮೌಲ್ಯ 1000 ಕೋಟಿ ರೂಪಾಯಿ. ಅದರಲ್ಲಿ ನಿಮ್ಮ ಬಾಕಿ ಸಾಲ 200 ಕೋಟಿ. ಕಾರ್ಖಾನೆ ವರ್ಷಕ್ಕೆ 5 ಲಕ್ಷ ಟನ್ ಇಂಗಾಲದ ಡೈಆಕ್ಸೈಡ್ ಬಿಟ್ಟರೆ 1 ಲಕ್ಷ ಟನ್ ನಿಮ್ಮ ಲೆಕ್ಕಕ್ಕೆ ಬರುತ್ತದೆ. ಈ ಒಂದು ಖಾತೆಯ ಎದುರು ಎಲ್ಲ ಶಾಖೆಗಳ ದೀಪ ಬದಲಿಸಿದ ಉಳಿತಾಯ ಎಷ್ಟಾದೀತು, ನೀನೇ ಹಾಕಿ ನೋಡು. ಅಂಕಿಅಂಶ ಸರಿಯಾಗಿ ಸಿಗುವುದಿಲ್ಲ ಅಂತ ಯಾರಾದರೂ ಅಂದರೆ, ಆ ಪದ್ಧತಿಯಲ್ಲೇ 1ರಿಂದ 5ರವರೆಗೆ ಅಂಕಿಅಂಶದ ಗುಣಮಟ್ಟಕ್ಕೆ ದರ್ಜೆ ಇದೆ ಅಂತ ತೋರಿಸು. 5ನೇ ದರ್ಜೆಯ ಅಂದಾಜಿನಿಂದ ಶುರು ಮಾಡಿದರೂ ಯಾವ ಹತ್ತು ಖಾತೆಗಳ ಮೇಲೆ ಕಣ್ಣಿಡಬೇಕು ಅನ್ನುವುದು ಗೊತ್ತಾಗಿಬಿಡುತ್ತದೆ.

ಇನ್ನೊಂದು ಕಡೆಯಿಂದಲೂ ಪುಸ್ತಕ ಓದು. ಹೊರಗಿನ ಏಟು ಒಳಗೆ ಹೇಗೆ ಬರುತ್ತದೆ ಅಂತ. 2023ರಲ್ಲಿ ನಮ್ಮ ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತ ಅಂತ ಘೋಷಣೆಯಾದವು. ಅಂದರೆ ಹದಿಮೂರನ್ನು ಬಿಟ್ಟು ಉಳಿದೆಲ್ಲ ತಾಲ್ಲೂಕಿನಲ್ಲೂ ಬೆಳೆಸಾಲದ ಕಂತು ಅಲುಗಾಡಿತು. ಬರ ಘೋಷಣೆಯಾದರೆ ಬ್ಯಾಂಕಿಗೆ ಅದು ಬರೀ ಸುದ್ದಿಯಾಗಿ ಉಳಿಯುವುದಿಲ್ಲ. ರಿಸರ್ವ್ ಬ್ಯಾಂಕಿನ 2018ರ ನಿರ್ದೇಶನದಂತೆ, ಬೆಳೆನಷ್ಟ ಶೇ. 33ರಿಂದ 50ರೊಳಗಿದ್ದರೆ ಸಾಲ ತೀರಿಸಲು 2 ವರ್ಷದವರೆಗೆ, ಶೇ. 50 ಅಥವಾ ಅದಕ್ಕೂ ಹೆಚ್ಚಾದರೆ 5 ವರ್ಷದವರೆಗೆ ಅವಧಿ ಕೊಟ್ಟು ಪುನರ್‌ರಚನೆ ಮಾಡಬೇಕಿತ್ತು, ಮೊದಲ ಒಂದು ವರ್ಷ ವಸೂಲಿಗೆ ವಿರಾಮ. ಈ ವರ್ಷ ಬರಬೇಕಾದ ಹಣ ಮುಂದಿನ ವರ್ಷಗಳಿಗೆ ಹೋಯಿತು. ಹೊಸ ಬೆಳೆಸಾಲವನ್ನೂ ಕೊಡಬೇಕು. ಅಷ್ಟರಲ್ಲಿ ಇನ್ನೊಂದು ಬರ ಬಂದರೆ? ಬಯಲುಸೀಮೆಯ ಶಾಖೆಗಳಲ್ಲಿ ಒಂದು ಪುನರ್‌ರಚನೆಯ ಕಂತು ಮುಗಿಯುವ ಮೊದಲೇ ಮತ್ತೊಂದಕ್ಕೆ ಕಾಗದ ತಯಾರು ಮಾಡುವುದು ನಮಗೆ ರೂಢಿಯಾಗಿಹೋಗಿತ್ತು. ನಿನ್ನ ನಕ್ಷೆಯಲ್ಲಿ 'ಹವಾಮಾನ ಬದಲಾವಣೆ' ಅನ್ನುವ ಚುಕ್ಕೆ ಇದೆಯಲ್ಲ, ಅದು ಶಾಖೆಗೆ ಬರುವುದು ಈ ರೂಪದಲ್ಲಿ.

ಮಳೆಯೊಂದೇ ಅಲ್ಲ, ಕಾನೂನೂ ಒಂದೇ ದಿನದಲ್ಲಿ ಏಟು ಹಾಕಬಲ್ಲದು. 2011ರ ಜುಲೈ 29ರಂದು ಸುಪ್ರೀಂ ಕೋರ್ಟ್ ಬಳ್ಳಾರಿಯ ಕಬ್ಬಿಣದ ಅದಿರು ಗಣಿಗಾರಿಕೆ ನಿಲ್ಲಿಸಿತು, ಮುಂದಿನ ತಿಂಗಳು ಚಿತ್ರದುರ್ಗ, ತುಮಕೂರು ಜಿಲ್ಲೆಗಳಿಗೂ ಅದು ಹಬ್ಬಿತು. ಅಕ್ರಮ ಗಣಿಗಾರಿಕೆ, ಕಾಡಿನ ನಾಶ, ದೂಳು, ರಸ್ತೆ ಇವೆಲ್ಲ ವರ್ಷಗಟ್ಟಲೆ ಪತ್ರಿಕೆಯಲ್ಲಿ ಬರುತ್ತಿದ್ದ ಸಂಗತಿಗಳೇ. ಆದರೆ ಲಾರಿಗೆ ಸಾಲ ಮಂಜೂರು ಮಾಡುವಾಗ ಆ ಸಂಗತಿಗಳಿಗೂ ಕಂತಿಗೂ ಸಂಬಂಧವಿದೆ ಅಂತ ಯಾರೂ ಕಡತದಲ್ಲಿ ಬರೆಯುತ್ತಿರಲಿಲ್ಲ. ಆದೇಶ ಬಂತು, ಅದಿರು ನಿಂತಿತು, ಲಾರಿ ನಿಂತಿತು, ಕಂತೂ ನಿಂತಿತು. ಲಾರಿಯನ್ನು ನಂಬಿದ್ದ ಗ್ಯಾರೇಜು, ಟೈರ್ ಅಂಗಡಿ, ಡಾಬಾಗಳಿಗೂ ಹೊಡೆತ ಬಿತ್ತು. ಅಂಥದ್ದೇ ಇನ್ನೊಂದು ಈಗ ನಡೆದಿದೆ. ಯುರೋಪ್ ಒಕ್ಕೂಟ ಆಮದಾಗುವ ಉಕ್ಕು, ಸಿಮೆಂಟ್, ಅಲ್ಯೂಮಿನಿಯಂ ಮುಂತಾದವುಗಳ ಮೇಲೆ ಇಂಗಾಲದ ಲೆಕ್ಕದಲ್ಲಿ ಶುಲ್ಕ ಹಾಕುವ ಪದ್ಧತಿ ತಂದಿದೆ. 2023ರ ಅಕ್ಟೋಬರಿನಿಂದ ವರದಿ ಕೊಡುವುದು ಕಡ್ಡಾಯವಾಯಿತು, 2026ರ ಜನವರಿಯಿಂದ ನಿಜವಾದ ಹೊರೆ ಶುರುವಾಗಿದೆ. ನಿಮ್ಮ ಸಾಲದ ಪುಸ್ತಕದಲ್ಲಿ ಉಕ್ಕು ರಫ್ತು ಮಾಡುವವರು, ಅವರಿಗೆ ಸಾಮಾನು ಒದಗಿಸುವ ಸಣ್ಣ ಫೌಂಡ್ರಿಗಳು ಎಷ್ಟಿದ್ದಾರೆ, ಎಣಿಸು. ಈ ಪ್ರಶ್ನೆಗೆ ಉತ್ತರ ಯಾವ ಪ್ರಶ್ನಾವಳಿಯಿಂದಲೂ ಬರುವುದಿಲ್ಲ.

ಪ್ರಶ್ನಾವಳಿಯ ಮಾತಿಗೆ ಬರುತ್ತೇನೆ.

ನೀನು ಕಳಿಸಿದ ಪ್ರಶ್ನಾವಳಿಯ ಪ್ರತಿ ನೋಡಿದೆ. ಇಂಗ್ಲಿಷಿನಲ್ಲಿದೆ, ಇಮೇಲ್ ಇದ್ದವರಿಗೆ ಹೋಗುತ್ತದೆ, 'ಕೆಳಗಿನ ವಿಷಯಗಳಿಗೆ 1ರಿಂದ 5ರವರೆಗೆ ಅಂಕ ಕೊಡಿ' ಅನ್ನುತ್ತದೆ. ಇದಕ್ಕೆ ಉತ್ತರಿಸುವವರು ಯಾರು? ನಿಮ್ಮದೇ ಸಿಬ್ಬಂದಿ, ಕೆಲವು ಹೂಡಿಕೆದಾರರು, ಸಾಫ್ಟ್‌ವೇರ್ ಕೊಟ್ಟ ಕಂಪನಿಯವರು, ಬೆಂಗಳೂರಿನಲ್ಲಿ ಸಂಬಳದ ಖಾತೆ ಇರುವ ಗ್ರಾಹಕರು. ಅವರು ಮಾಹಿತಿ ಭದ್ರತೆಗೆ 5 ಕೊಡುತ್ತಾರೆ, ಆ್ಯಪ್ ಸರಿಯಾಗಿ ನಡೆಯುವುದಕ್ಕೆ 5 ಕೊಡುತ್ತಾರೆ. ಕೊಡಬೇಕಾದ್ದೇ. ಅವರಿಗೆ ನೋವಾಗುವುದು ಅಲ್ಲಿ. ಆದರೆ ಕಿಸಾನ್ ಕಾರ್ಡಿನ ಮೇಲೆ ಸಾಲ ತೆಗೆದ ಶೇಂಗಾ ಬೆಳೆಗಾರ, ಮಗಳ ಮದುವೆಗೆ ಬಳೆ ಅಡವಿಟ್ಟ ತಾಯಿ, ಸ್ತ್ರೀಶಕ್ತಿ ಸಂಘದ ಖಾತೆ ನೋಡಿಕೊಳ್ಳುವ ಹೆಣ್ಣುಮಗಳು, ಊರೂರು ತಿರುಗಿ ಪಿಂಚಣಿ ಕೊಡುವ ಬ್ಯಾಂಕ್ ಮಿತ್ರ, ಇವರಲ್ಲಿ ಯಾರೂ ಆ ಸರಾಸರಿಯಲ್ಲಿ ಇಲ್ಲ. ಆದ್ಯತಾ ವಲಯಕ್ಕೆ ಸಾಲದ ಶೇ. 40, ಅದರಲ್ಲಿ ಕೃಷಿಗೆ ಶೇ. 18 ಕೊಡಬೇಕು ಅಂತ ವಾಣಿಜ್ಯ ಬ್ಯಾಂಕುಗಳಿಗೆ ನಿಯಮವೇ ಇದೆ. ಇಷ್ಟು ದೊಡ್ಡ ಪಾಲಿನ ಸಾಲ ಪಡೆದವರ ಒಂದು ಮಾತೂ ಇಲ್ಲದೆ ಬ್ಯಾಂಕಿಗೆ ಏನು ಮುಖ್ಯ ಅಂತ ಹೇಗೆ ಹೇಳುತ್ತೀಯ?

ಹೋಗಿ ಕೇಳು. ಕೇಳುವ ರೀತಿಯೂ ಬೇರೆ ಇರಲಿ. 'ಸುಸ್ಥಿರತೆಯ ಯಾವ ವಿಷಯ ನಿಮಗೆ ಮುಖ್ಯ' ಅಂತ ಕೇಳಿದರೆ ಅವರು ಮರ್ಯಾದೆಗೆ ತಲೆಯಾಡಿಸಿ ಕಳಿಸುತ್ತಾರೆ. 'ಮಳೆ ಕೈಕೊಟ್ಟ ವರ್ಷ ಕಂತು ಹೇಗೆ ಕಟ್ಟಿದಿರಿ?' ಅಂತ ಕೇಳು. 'ಹಣ ಎಲ್ಲಿಂದ ತಂದಿರಿ, ಎಷ್ಟು ಬಡ್ಡಿಗೆ?' ಅಂತ ಕೇಳು. 'ನಮ್ಮವರು ವಸೂಲಿಗೆ ಬಂದಾಗ ಹೇಗೆ ಮಾತಾಡಿಸಿದರು?' ಅಂತ ಕೇಳು. ಎಷ್ಟೋ ಖಾತೆಗಳು ಬ್ಯಾಂಕಿನ ಪುಸ್ತಕದಲ್ಲಿ ಸುಸ್ತಿಯಿಲ್ಲದೆ ಶುದ್ಧವಾಗಿ ಕಾಣುತ್ತವೆ, ಯಾಕೆಂದರೆ ನಮ್ಮ ಸಾಲ ತೀರಿಸಲು ಅವರು ಹೊರಗೆ ಕೈಸಾಲ ಮಾಡಿರುತ್ತಾರೆ. ಒಂದು ವಾರ ಆ ಹಣ ಕಟ್ಟಿ, ಖಾತೆ ನವೀಕರಣವಾಗಿ ಹೊಸ ಸಾಲ ಬಂದ ಕೂಡಲೇ ಅದನ್ನು ಕೈಸಾಲಕ್ಕೆ ಕೊಡುವುದು. ಬೆಳೆಗೆ ಉಳಿಯುವುದು ಸೊನ್ನೆ, ಆ ಒಂದು ವಾರದ ಬಡ್ಡಿ ಮೈಮೇಲೆ. ಇದು ಶಾಖೆಯ ಪ್ರತಿ ಗುಮಾಸ್ತನಿಗೂ ಗೊತ್ತು. ನಿನ್ನ ವಿಭಾಗಕ್ಕೆ ಗೊತ್ತಿಲ್ಲದಿದ್ದರೆ ನಿನ್ನ ಪಟ್ಟಿಯಲ್ಲಿ 'ಗ್ರಾಹಕರ ಸಾಲದ ಹೊರೆ' ಅನ್ನುವ ಸಾಲೇ ಇರುವುದಿಲ್ಲ.

ಅದು ಎಷ್ಟು ದೊಡ್ಡ ವಿಷಯ ಅಂತ 2025ರಲ್ಲಿ ಇಡೀ ರಾಜ್ಯ ನೋಡಿತು. ಕಿರುಸಾಲ ವಸೂಲಿಯ ಕಿರುಕುಳಕ್ಕೆ ಜನ ಊರು ಬಿಟ್ಟರು, ಜೀವವನ್ನೇ ಬಿಟ್ಟವರೂ ಇದ್ದರು. ಆ ಫೆಬ್ರುವರಿಯಲ್ಲಿ ಸರ್ಕಾರ ಸುಗ್ರೀವಾಜ್ಞೆ ತಂದು, ಬಲವಂತದ ವಸೂಲಿಗೆ 10 ವರ್ಷದವರೆಗೆ ಜೈಲು, 5 ಲಕ್ಷ ರೂಪಾಯಿವರೆಗೆ ದಂಡ ಅಂದಿತು. ರಿಸರ್ವ್ ಬ್ಯಾಂಕ್ ಅದಕ್ಕೂ ಮೊದಲೇ, 2022ರ ಏಪ್ರಿಲ್‌ನಿಂದ, ಕುಟುಂಬದ ತಿಂಗಳ ಆದಾಯದ ಅರ್ಧಕ್ಕಿಂತ ಹೆಚ್ಚು ಸಾಲದ ಕಂತಿಗೆ ಹೋಗಬಾರದು ಅಂತ ಕಿರುಸಾಲಕ್ಕೆ ಮಿತಿ ಹಾಕಿತ್ತು. ನಾವು ದೊಡ್ಡ ಬ್ಯಾಂಕ್, ಇದು ನಮ್ಮ ವಿಷಯವಲ್ಲ ಅನ್ನಬೇಡ. ಆ ಸಣ್ಣ ಕಂಪನಿಗಳಿಗೆ ಬಂಡವಾಳ ಸಾಲ ಕೊಡುವುದು ದೊಡ್ಡ ಬ್ಯಾಂಕುಗಳೇ. ನಿಮ್ಮ ಹಣವೇ ಎರಡು ಕೈ ದಾಟಿ ಆ ಮನೆಯ ಬಾಗಿಲಿಗೆ ಹೋಗಿರುತ್ತದೆ.

ನಿಮ್ಮ ಗ್ರಾಹಕರೇ ಅಲ್ಲದವರನ್ನೂ ನೆನಪಿಡು. ಪಾವಗಡದ ಸೌರ ಪಾರ್ಕ್ ನೋಡಿದ್ದೀಯಲ್ಲ, 2050 ಮೆಗಾವಾಟ್, ಸುಮಾರು 13 ಸಾವಿರ ಎಕರೆ. ಜಮೀನು ಕಿತ್ತುಕೊಳ್ಳದೆ ಗುತ್ತಿಗೆಗೆ ಪಡೆದು, ಎಕರೆಗೆ ವರ್ಷಕ್ಕೆ 21 ಸಾವಿರ ರೂಪಾಯಿಯಂತೆ ಶುರುಮಾಡಿ ರೈತರಿಗೆ ಬಾಡಿಗೆ ಕೊಟ್ಟದ್ದು ಒಳ್ಳೆಯ ಮಾದರಿ, ನಾನು ಮೆಚ್ಚುತ್ತೇನೆ. ಅಂಥ ಒಣ ಭೂಮಿಯಲ್ಲಿ ಶೇಂಗಾದಿಂದ ಅಷ್ಟು ನಿಶ್ಚಿತ ಆದಾಯ ಯಾರಿಗೂ ಬಂದಿರಲಿಲ್ಲ. ಆದರೆ ಬಾಡಿಗೆ ಹೋಗುವುದು ಪಹಣಿಯಲ್ಲಿ ಹೆಸರಿದ್ದವರಿಗೆ. ಅದೇ ಹೊಲಗಳಲ್ಲಿ ಕಳೆ ಕಿತ್ತು, ಕುರಿ ಮೇಯಿಸಿ ಬದುಕಿದ್ದ ಭೂಮಿಯಿಲ್ಲದವರಿಗೆ ಕೆಲಸವೂ ಹೋಯಿತು, ಬಾಡಿಗೆಯೂ ಬರಲಿಲ್ಲ. ಹಸಿರು ಸಾಲ ಅಂತ ಹೆಮ್ಮೆಯಿಂದ ಬರೆದುಕೊಳ್ಳುವ ಯೋಜನೆಯಲ್ಲೂ ಹೀಗೊಂದು ಕಡೆ ಇರುತ್ತದೆ. ಆ ಭೂಮಿಯಿಲ್ಲದವರು ಬ್ಯಾಂಕಿಗೆ ಬರುವುದಿಲ್ಲ, ನೀನೇ ಹೋಗಬೇಕು.

ಈಗ ನಾನು ಮುಖ್ಯವಾಗಿ ಹೇಳಬೇಕು ಅಂದುಕೊಂಡ ಮಾತು. ಸ್ವಲ್ಪ ನಿಧಾನವಾಗಿ ಓದು.

ವಿಷಯಗಳನ್ನು ತೂಗುವಾಗ ಎರಡು ಪ್ರಶ್ನೆಗಳಿವೆ. ಈ ವಿಷಯದಿಂದ ಬ್ಯಾಂಕಿಗೆ ಏನಾಗುತ್ತದೆ ಅನ್ನುವುದು ಒಂದು. ಬ್ಯಾಂಕಿನಿಂದ ಊರಿಗೆ, ಜನಕ್ಕೆ, ನೀರಿಗೆ, ಗಾಳಿಗೆ ಏನಾಗುತ್ತದೆ ಅನ್ನುವುದು ಇನ್ನೊಂದು. 2023ರಲ್ಲಿ ಬಂದ, ಐಎಸ್‌ಎಸ್‌ಬಿ ಎಂಬ ಅಂತರರಾಷ್ಟ್ರೀಯ ಮಂಡಳಿಯ ಮಾನದಂಡ ಹೂಡಿಕೆದಾರನ ಕಡೆಯಿಂದ ಮೊದಲನೆಯದನ್ನು ಕೇಳುತ್ತದೆ, ಜಿಆರ್‌ಐ ಎರಡನೆಯದನ್ನು ಕೇಳುತ್ತದೆ, ಯುರೋಪಿನ ನಿಯಮ ಎರಡನ್ನೂ ಕೇಳುತ್ತದೆ. ರಿಸರ್ವ್ ಬ್ಯಾಂಕ್ 2024ರ ಫೆಬ್ರುವರಿಯಲ್ಲಿ ಹೊರಡಿಸಿದ ಹವಾಮಾನ ಅಪಾಯದ ಕರಡು ಚೌಕಟ್ಟು, ಹೆಸರೇ ಹೇಳುವಂತೆ, ಬ್ಯಾಂಕಿಗೆ ಆಗುವ ಅಪಾಯದ ಬಗ್ಗೆ. ಬ್ಯಾಂಕ್ ಮುಳುಗಿದರೆ ಠೇವಣಿದಾರ ಮುಳುಗುತ್ತಾನೆ, ಆದ್ದರಿಂದ ನಿಯಂತ್ರಕರು ಆ ಪ್ರಶ್ನೆ ಕೇಳುವುದು ಸರಿ.

ಆದರೆ ಮೊದಲ ಪ್ರಶ್ನೆಯೊಂದನ್ನೇ ಹಿಡಿದುಕೊಂಡರೆ ಏನಾಗುತ್ತದೆ ನೋಡು. ಪಾವಗಡ, ಚಳ್ಳಕೆರೆ, ಮೊಳಕಾಲ್ಮುರು, ಇಂಡಿ, ಸಿಂದಗಿ ಇವೆಲ್ಲ ನಿನ್ನ ಕಂಪ್ಯೂಟರಿನ ನಕ್ಷೆಯಲ್ಲಿ ಕೆಂಪಾಗುತ್ತವೆ. ಬರದ ಅಪಾಯ ಹೆಚ್ಚು. ಅಪಾಯ ಕಡಿಮೆ ಮಾಡುವ ಅತಿ ಸುಲಭದ ದಾರಿ ಅಲ್ಲಿ ಸಾಲ ಕಡಿಮೆ ಮಾಡುವುದು. ಯಾರೂ ಹಾಗಂತ ಆದೇಶ ಬರೆಯಬೇಕಿಲ್ಲ. ವಲಯ ಕಚೇರಿಯಿಂದ 'ಎಚ್ಚರಿಕೆಯಿಂದ ಮುಂದುವರಿಯಿರಿ' ಅಂತ ಒಂದು ಸಾಲು ಬಂದರೆ ಸಾಕು, ಶಾಖೆಯ ಮ್ಯಾನೇಜರ್ ಕಡತವನ್ನು ಪಕ್ಕಕ್ಕಿಡುತ್ತಾನೆ. ಅವನದೂ ತಪ್ಪಲ್ಲ, ಎನ್‌ಪಿಎ ಆದರೆ ಕೇಳುವುದು ಅವನನ್ನೇ. ಬ್ಯಾಂಕಿನ ವರದಿಯಲ್ಲಿ ಹವಾಮಾನ ಅಪಾಯ ತಗ್ಗಿತು ಅಂತ ಬರುತ್ತದೆ, ಬಹುಮಾನವೂ ಬರಬಹುದು. ಇತ್ತ ಚಳ್ಳಕೆರೆಯ ರೈತ ಬ್ಯಾಂಕಿನ ಶೇ. 7ರ ಸಾಲ ಬಿಟ್ಟು ತಿಂಗಳಿಗೆ ನೂರಕ್ಕೆ ಮೂರು ರೂಪಾಯಿ ಬಡ್ಡಿಯ ಕೈಸಾಲಕ್ಕೆ ಹೋಗುತ್ತಾನೆ. ವರ್ಷಕ್ಕೆ ಶೇ. 36 ಆಯಿತು. ಇಂಗಾಲವನ್ನು ಅತಿ ಕಡಿಮೆ ಹೊರಬಿಟ್ಟವನು ಅದರ ದಂಡವನ್ನು ಎರಡು ಸಲ ಕಟ್ಟುತ್ತಾನೆ, ಒಮ್ಮೆ ಮಳೆಗೆ, ಇನ್ನೊಮ್ಮೆ ಬಡ್ಡಿಗೆ. ಸುಸ್ಥಿರತೆಯ ಹೆಸರಿನಲ್ಲಿ ಮಾಡಿದ ಕೆಲಸದಿಂದ ಇಂಥದ್ದು ಆಗಬಾರದು ಮಗೂ, ಇದಕ್ಕಿಂತ ದೊಡ್ಡ ಕಳವಳ ನನಗೆ ಬೇರೆ ಇಲ್ಲ.

ಆದ್ದರಿಂದ ಎರಡು ಪ್ರಶ್ನೆಗಳನ್ನೂ ಒಂದೇ ಹಾಳೆಯಲ್ಲಿ ಬರೆ, ಬೇರೆ ಬೇರೆ ಅಧ್ಯಾಯಕ್ಕೆ ಹಾಕಬೇಡ. 'ಬರ' ಅನ್ನುವ ಸಾಲಿನ ಎದುರು ಬ್ಯಾಂಕಿಗೆ ಆಗುವ ನಷ್ಟ ಬರೆದ ಮೇಲೆ, ಬ್ಯಾಂಕ್ ಹಿಂದೆ ಸರಿದರೆ ಆ ತಾಲ್ಲೂಕಿಗೆ ಆಗುವ ನಷ್ಟವನ್ನೂ ಬರೆ. ಆಗ ಉತ್ತರವೇ ಬದಲಾಗುತ್ತದೆ. ಸಾಲ ನಿಲ್ಲಿಸುವ ಬದಲು ಸಾಲದ ಸ್ವರೂಪ ಬದಲಿಸುವ ಮಾತು ಬರುತ್ತದೆ: ಹನಿ ನೀರಾವರಿಗೆ, ಕೃಷಿ ಹೊಂಡಕ್ಕೆ, ಸಿರಿಧಾನ್ಯಕ್ಕೆ, ಕುರಿ ಸಾಕಣೆಗೆ ಸಾಲ, ಬೆಳೆ ಕೈಗೆ ಬರುವ ತಿಂಗಳಿಗೆ ಹೊಂದಿಸಿದ ಕಂತು, ವಿಮೆ ಸರಿಯಾಗಿ ಸೇರಿತೇ ಅಂತ ಶಾಖೆಯೇ ನೋಡುವುದು.

ಎರಡನೇ ಪ್ರಶ್ನೆ ಬ್ಯಾಂಕಿಗೆ ಲಾಭವಿರುವ ಕಡೆಯೂ ಕೇಳಬೇಕಾದದ್ದು. ಕೋಲಾರದ ಕಡೆ ಬೋರ್‌ವೆಲ್ ಸಾಲ ಒಂದು ಉದಾಹರಣೆ. ಜಿಲ್ಲೆಯ ಅಂತರ್ಜಲ ಅತಿಬಳಕೆಯ ಪಟ್ಟಿಗೆ ಸೇರಿ ಎಷ್ಟೋ ಕಾಲವಾಯಿತು. ಹೊಸ ಬೋರ್‌ನಲ್ಲಿ ನೀರು ಬಿದ್ದರೆ ಟೊಮೆಟೊ ಬೆಳೆದು ಕಂತು ಸರಿಯಾಗಿ ಬರುತ್ತದೆ. ಪುಸ್ತಕದಲ್ಲಿ ಅದು ಚಿನ್ನದಂಥ ಖಾತೆ. ಪಕ್ಕದ ಹೊಲದ ಹಳೆಯ ಬಾವಿ ಬತ್ತಿದ್ದು ಯಾವ ಪುಸ್ತಕದಲ್ಲೂ ಇಲ್ಲ, ಏಕೆಂದರೆ ಅದರ ಒಡೆಯ ನಿಮ್ಮ ಸಾಲಗಾರನಲ್ಲ. ಬ್ಯಾಂಕಿಗೆ ಅಪಾಯವೇ ಇಲ್ಲದ, ಆದರೆ ಬ್ಯಾಂಕಿನಿಂದಲೇ ಆದ ಹಾನಿ ಇದು.

ಅಂಕ ಕೊಡುವ ವಿಧಾನದ ಬಗ್ಗೆ ಸ್ವಲ್ಪವೇ ಹೇಳುತ್ತೇನೆ. ಸರಾಸರಿಯನ್ನು ನಂಬಬೇಡ. ಹಾನಿ ಎಷ್ಟು ತೀವ್ರ, ಎಷ್ಟು ಜನಕ್ಕೆ ತಟ್ಟುತ್ತದೆ, ಆದ ಮೇಲೆ ಸರಿಪಡಿಸಲು ಆಗುತ್ತದೆಯೇ, ಆಗುವ ಸಂಭವ ಎಷ್ಟು ಅಂತ ಜಿಆರ್‌ಐ ಕೇಳುವುದು ಒಳ್ಳೆಯ ಕ್ರಮ. ಸಂಭವ ಕಡಿಮೆ, ಆದರೆ ಒಮ್ಮೆ ಆಯಿತೆಂದರೆ ಎಲ್ಲ ಮುಗಿಯಿತು ಅನ್ನುವ ವಿಷಯಗಳು ಸರಾಸರಿಯಲ್ಲಿ ಕಳೆದುಹೋಗುತ್ತವೆ. 2019ರ ಸೆಪ್ಟೆಂಬರಿನಲ್ಲಿ ಪಂಜಾಬ್ ಮತ್ತು ಮಹಾರಾಷ್ಟ್ರ ಸಹಕಾರಿ ಬ್ಯಾಂಕಿನ ಮೇಲೆ ನಿರ್ಬಂಧ ಬಿತ್ತು. ಒಂದೇ ಕಟ್ಟಡ ನಿರ್ಮಾಣ ಸಮೂಹಕ್ಕೆ ಕೊಟ್ಟ ಭಾರಿ ಸಾಲವನ್ನು ಒಳಗಿನವರು ಮುಚ್ಚಿಟ್ಟಿದ್ದರು. ಠೇವಣಿದಾರರಿಗೆ ಮೊದಲ ದಿನ ಸಿಕ್ಕ ಅವಕಾಶ 1000 ರೂಪಾಯಿ ತೆಗೆಯಲು ಮಾತ್ರ. ಲೆಕ್ಕಪತ್ರ ಪ್ರಾಮಾಣಿಕವಾಗಿಲ್ಲದ ಬ್ಯಾಂಕಿನಲ್ಲಿ ಉಳಿದ ಯಾವ ಸುಸ್ಥಿರತೆಯ ವಿಷಯಕ್ಕೂ ಅರ್ಥವಿಲ್ಲ. ಆಡಳಿತ, ಲೆಕ್ಕಪರಿಶೋಧನೆ, ದೂರು ಕೊಟ್ಟವರ ರಕ್ಷಣೆ ಇವಕ್ಕೆ ಪ್ರಶ್ನಾವಳಿಯಲ್ಲಿ ಕಡಿಮೆ ಅಂಕ ಬಂದರೂ ನೀನು ಕೆಳಗೆ ಇಳಿಸಬೇಡ. ಹಾಗೆಯೇ ಸಿಎಸ್‌ಆರ್ ವಿಭಾಗದವರು ಗಿಡ ನೆಟ್ಟ ಫೋಟೊ ತಂದು ಇದನ್ನು ಮೇಲೆ ಹಾಕಿ ಅನ್ನುತ್ತಾರೆ. ಪ್ರೀತಿಯಿಂದಲೇ ಹೇಳು, ಅದು ಕೊಡುಗೆ, ಇದು ವ್ಯವಹಾರದ ಪ್ರಶ್ನೆ ಅಂತ.

ನಮ್ಮ ಕರಾವಳಿಯ ಹಿರಿಯರು ಈ ಕೆಲಸವನ್ನು ನಕ್ಷೆಯಿಲ್ಲದೆ ಮಾಡಿದ್ದರು. 1925ರಲ್ಲಿ ಉಡುಪಿಯಲ್ಲಿ ಡಾ. ಟಿ.ಎಂ.ಎ. ಪೈ, ಉಪೇಂದ್ರ ಪೈ, ವಾಮನ ಕುಡ್ವ ಅವರು 8000 ರೂಪಾಯಿ ಬಂಡವಾಳದಲ್ಲಿ ಮುಂದೆ ಸಿಂಡಿಕೇಟ್ ಬ್ಯಾಂಕ್ ಆದ ಸಂಸ್ಥೆಯನ್ನು ಕಟ್ಟಿದಾಗ ಅವರ ಕಣ್ಣಮುಂದೆ ಇದ್ದದ್ದು ಕೈಮಗ್ಗದ ನೇಕಾರರ ಸಂಕಷ್ಟ. ಮೂರು ವರ್ಷದ ನಂತರ ಪಿಗ್ಮಿ ತಂದರು, ದಿನಕ್ಕೆ ಎರಡಾಣೆ, ಬ್ಯಾಂಕಿನವನೇ ಮನೆಬಾಗಿಲಿಗೆ ಬಂದು ಒಯ್ಯುವುದು. ದಿನಗೂಲಿಯವನಿಗೆ ತಿಂಗಳ ಕೊನೆಗೆ ಏನೂ ಉಳಿಯುವುದಿಲ್ಲ, ಉಳಿದರೆ ಸಂಜೆಗೆ ಎರಡಾಣೆ ಉಳಿದೀತು, ಅವನಿಗೆ ಬ್ಯಾಂಕಿಗೆ ಬರಲು ಪುರಸೊತ್ತಿಲ್ಲ. ಇದನ್ನು ಕಂಡುಕೊಂಡದ್ದು ಬೀದಿಯಲ್ಲಿ. ಅದರಿಂದ ಜನರ ಉಳಿತಾಯವೂ ಬೆಳೆಯಿತು, ಬ್ಯಾಂಕಿನ ಠೇವಣಿಯೂ ಬೆಳೆಯಿತು. 2003ರಲ್ಲಿ ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮದ ಜೊತೆ ಸೇರಿ ಕೆನರಾ ಮತ್ತು ಸಿಂಡಿಕೇಟ್ ಬ್ಯಾಂಕುಗಳು ಮನೆಯ ಸೌರದೀಪಕ್ಕೆ ಸಾಲ ಕೊಡಲು ಶುರುಮಾಡಿದ್ದೂ ಹೀಗೇ. ಕರೆಂಟಿಲ್ಲದ ಮನೆಗಳ ಸಾವಿರಾರು ಮಂದಿ ಆ ಸಾಲ ತೆಗೆದುಕೊಂಡರು. ಅವಕಾಶ ಅಂತ ಆ ಕೋಷ್ಟಕದಲ್ಲಿ ಬರೆಯುವಾಗ ಇಂಥವನ್ನು ಹುಡುಕು.

ಪಟ್ಟಿ ಸಿದ್ಧವಾದ ಮೇಲೆ ನೀನು ಒಂದು ಜಗಳ ಆಡಬೇಕಾಗುತ್ತದೆ, ತಯಾರಾಗಿರು. ಮೇಲಿನ ಐದಾರು ವಿಷಯಗಳ ಎದುರು 'ಇದರಿಂದ ಯಾವ ನಿಯಮ ಬದಲಾಯಿತು' ಅನ್ನುವ ಒಂದು ಅಂಕಣ ಸೇರಿಸು. ಸಾಲ ನೀತಿಯ ಯಾವ ಕಲಮು ತಿದ್ದುಪಡಿ ಆಯಿತು, ಮಂಜೂರಾತಿಯ ನಮೂನೆಯಲ್ಲಿ ಯಾವ ಹೊಸ ಪ್ರಶ್ನೆ ಬಂತು, ಶಾಖೆಯ ಮ್ಯಾನೇಜರನ ಗುರಿಯಲ್ಲಿ ಏನು ಸೇರಿತು, ಆಡಳಿತ ಮಂಡಳಿಯ ಅಪಾಯ ನಿರ್ವಹಣಾ ಸಮಿತಿ ವರ್ಷಕ್ಕೆ ಎಷ್ಟು ಸಲ ಇದನ್ನು ನೋಡುತ್ತದೆ. ಅಂಕಣ ಖಾಲಿ ಉಳಿದರೆ ಆ ವಿಷಯ ಮುಖ್ಯ ಅಂತ ಬ್ಯಾಂಕ್ ಇನ್ನೂ ಒಪ್ಪಿಲ್ಲ ಅಂತಲೇ ಅರ್ಥ. ಬಿಟ್ಟ ವಿಷಯಗಳನ್ನು ಯಾಕೆ ಬಿಟ್ಟಿರಿ ಅಂತಲೂ ಟಿಪ್ಪಣಿ ಬರೆದು ಕಡತದಲ್ಲಿ ಇಡು. ನಿನ್ನ ನಂತರ ಬರುವವರಿಗೆ ಅದು ಬೇಕಾಗುತ್ತದೆ. ಹಸಿರು ಠೇವಣಿ ತೆರೆಯುವ ಉತ್ಸಾಹ ಬಂದರೆ 2023ರ ಜೂನ್‌ನಿಂದ ಜಾರಿಯಲ್ಲಿರುವ ರಿಸರ್ವ್ ಬ್ಯಾಂಕಿನ ಚೌಕಟ್ಟನ್ನು ಮೊದಲು ಓದು. ಆ ಹಣ ನಿಜವಾಗಿ ಎಲ್ಲಿ ಹೋಯಿತು ಅಂತ ಹೊರಗಿನವರಿಂದ ಪ್ರತಿ ವರ್ಷ ಪರಿಶೀಲನೆ ಮಾಡಿಸಬೇಕು. ಹೆಸರಿಡುವುದು ಸುಲಭ, ಆ ಲೆಕ್ಕ ಕೊಡುವುದು ಕಷ್ಟ.

ಅಂಕ ಹಾಕುವ ಸಭೆಗೆ ಇನ್ನೂ ಸಮಯವಿದೆ ಅಂದೆಯಲ್ಲ. ಅದಕ್ಕೆ ಮುಂಚೆ ಎರಡು ಶಾಖೆಗೆ ಹೋಗಿ ಬಾ, ಒಂದು ಬಯಲುಸೀಮೆಯದು, ಒಂದು ಕಾರ್ಖಾನೆಗಳ ಪಕ್ಕದ್ದು. ಸಂತೆಯ ದಿನ ಹೋಗು, ಅಂದು ಸುತ್ತಲಿನ ಹಳ್ಳಿಯವರೆಲ್ಲ ಬಂದಿರುತ್ತಾರೆ. ಕೃಷಿ ಅಧಿಕಾರಿಯನ್ನೂ ಬ್ಯಾಂಕ್ ಮಿತ್ರರನ್ನೂ ಬೇರೆಬೇರೆಯಾಗಿ ಮಾತಾಡಿಸು. ಹೊರಡುವ ಮೊದಲು ಮ್ಯಾನೇಜರಿಗೆ ಫೋನ್ ಮಾಡಿ, ವಸೂಲಿಗೆ ಬರುತ್ತಿಲ್ಲ ಅಂತ ಊರಿನಲ್ಲಿ ತಿಳಿಸಿಬಿಡಲು ಹೇಳು. ಪ್ರಧಾನ ಕಚೇರಿಯವರು ಬರುತ್ತಾರೆ ಅಂದರೆ ಬಾಕಿ ಉಳಿಸಿಕೊಂಡವರು ಅಂದು ಶಾಖೆಯ ಕಡೆ ಸುಳಿಯುವುದೇ ಇಲ್ಲ, ನಿನಗೆ ಬೇಕಾಗಿರುವುದು ಅವರ ಮಾತೇ.